ಅಧ್ಯಯನದ ಹೊರೆ ಮತ್ತು ನಿದ್ರೆಯ ಲೆಕ್ಕ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಗಿ, ಪದವಿಪೂರ್ವ ಕಾಲೇಜುಗಳು ಆರಂಭಗೊಂಡು ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ನಮ್ಮಂತಹ ವೈದ್ಯರ ಬಳಿಗೆ ಒಂದು ಬಗೆಯ ರೋಗಿಗಳು ಬರಲಾರಂಭಿಸುತ್ತಾರೆ. ವಯಸ್ಸು ಹದಿನಾರು ಅಥವಾ ಹದಿನೇಳು. ಓದುತ್ತಿರುವುದು ವಿಜ್ಞಾನ ವಿಭಾಗ. ಜೊತೆಗೆ ನೀಟ್, ಸಿಇಟಿ ಅಥವಾ ಜೆಇಇ ತರಬೇತಿ. ತಲೆನೋವು, ಎದೆಯುರಿ, ಮಲಬದ್ಧತೆ, ಕೂದಲು ಉದುರುವಿಕೆ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಏರುಪೇರು ಇವು ಅವರು ಹೇಳಿಕೊಳ್ಳುವ ತೊಂದರೆಗಳು. ಆದರೆ ಜೊತೆಯಲ್ಲಿ ಬಂದ ತಂದೆ-ತಾಯಿಗಳ ಬೇಡಿಕೆ ಬಹುಮಟ್ಟಿಗೆ ಒಂದೇ: "ಡಾಕ್ಟರೇ, ಓದಿದ್ದು ತಲೆಯಲ್ಲಿ ನಿಲ್ಲುತ್ತಿಲ್ಲ, ನೆನಪಿನ ಶಕ್ತಿಗೆ ಏನಾದರೂ ಬರೆದುಕೊಡಿ."

ಆಗ ನಾನು ಕೇಳುವ ಮೊದಲ ಪ್ರಶ್ನೆ, ಮಗು ಎಷ್ಟು ಹೊತ್ತು ನಿದ್ರಿಸುತ್ತದೆ ಎಂಬುದು. ಉತ್ತರ ಹೆಚ್ಚಾಗಿ ತಾಯಿಯಿಂದ ಬರುತ್ತದೆ, ಅದೂ ಸ್ವಲ್ಪ ಅಭಿಮಾನದಿಂದಲೇ: "ಹನ್ನೆರಡರವರೆಗೆ ಓದುತ್ತಾನೆ, ಐದಕ್ಕೆ ಎದ್ದುಬಿಡುತ್ತಾನೆ." ನೆನಪಿನ ಶಕ್ತಿ ಎಲ್ಲಿಗೆ ಹೋಯಿತೆಂಬುದಕ್ಕೆ ಉತ್ತರ ಆ ಮಾತಿನಲ್ಲಿಯೇ ಇದೆ. ಆದರೂ ಔಷಧಿ ಚೀಟಿಯಿಲ್ಲದೆ ಹೊರಡಲು ಅವರಿಗೆ ಮನಸ್ಸು ಬರುವುದಿಲ್ಲ.

ಹದಿಮೂರರಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಅವಶ್ಯಕವೆಂಬುದು ಆಧುನಿಕ ನಿದ್ರಾವಿಜ್ಞಾನದ ನಿರ್ಣಯ. ಆಯುರ್ವೇದವು ಈ ಮಾತನ್ನು ಗಂಟೆಗಳ ಲೆಕ್ಕದಲ್ಲಿ ಹೇಳದಿದ್ದರೂ ಇನ್ನೂ ಗಟ್ಟಿಯಾಗಿ ಹೇಳಿದೆ. ಶರೀರವೆಂಬ ಮನೆಯನ್ನು ಎತ್ತಿ ಹಿಡಿದಿರುವ ಮೂರು ಉಪಸ್ತಂಭಗಳಲ್ಲಿ ಆಹಾರ, ಬ್ರಹ್ಮಚರ್ಯಗಳ ಜೊತೆಗೆ ನಿದ್ರೆಯನ್ನೂ ಚರಕಾಚಾರ್ಯರು ಎಣಿಸಿದ್ದಾರೆ. ಸುಖ-ದುಃಖ, ಪುಷ್ಟಿ-ಕೃಶತೆ, ಬಲ-ದೌರ್ಬಲ್ಯಗಳೆಲ್ಲವೂ ನಿದ್ರೆಯ ಅಧೀನವೆಂದು ಹೇಳುವಾಗ ಜ್ಞಾನ-ಅಜ್ಞಾನಗಳನ್ನೂ ಅವರು ಅದೇ ಸಾಲಿಗೆ ಸೇರಿಸಿರುವುದನ್ನು ಪಾಲಕರು ಗಮನಿಸಬೇಕು. ಹಗಲಿನಲ್ಲಿ ಕಲಿತ ಪಾಠವು ಮಿದುಳಿನಲ್ಲಿ ಸ್ಥಿರಗೊಳ್ಳುವ ಕಾರ್ಯದ ದೊಡ್ಡ ಭಾಗ ನಡೆಯುವುದು ಗಾಢ ನಿದ್ರೆಯಲ್ಲಿ ಮತ್ತು ಕನಸಿನ ನಿದ್ರೆಯಲ್ಲಿ ಎಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಕನಸಿನ ನಿದ್ರೆಯು ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು. ಆದ್ದರಿಂದ ನಸುಕಿನಲ್ಲಿ ಎರಡು ಗಂಟೆ ಮುಂಚೆ ಎಬ್ಬಿಸಿದಾಗ ಕಳೆದುಹೋಗುವುದು ಬರೀ ಎರಡು ಗಂಟೆಯ ವಿಶ್ರಾಂತಿಯಲ್ಲ, ಹಿಂದಿನ ದಿನದ ಓದಿನ ಫಲವೂ ಹೌದು.

"ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ನಿಮ್ಮ ಶಾಸ್ತ್ರವೇ ಹೇಳುತ್ತದಲ್ಲ" ಎಂದು ಕೇಳುವವರಿದ್ದಾರೆ. ಹೌದು, ವಾಗ್ಭಟಾಚಾರ್ಯರು ಹಾಗೆಯೇ ಹೇಳಿದ್ದಾರೆ. ಆದರೆ ಹೇಳಿರುವುದು ಸ್ವಸ್ಥನಿಗೆ, ಆಯುಷ್ಯದ ರಕ್ಷಣೆಗಾಗಿ. ರಾತ್ರಿಯ ಊಟ ಜೀರ್ಣವಾಗಿದೆಯೇ ಇಲ್ಲವೇ ಎಂದು ನೋಡಿಕೊಂಡು ಏಳಬೇಕೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಉಂಡು ಮಲಗುತ್ತಿದ್ದ ಸಮಾಜಕ್ಕೆ ಹೇಳಿದ ವಿಧಿಯದು. ರಾತ್ರಿ ಹತ್ತಕ್ಕೆ ಅನ್ನ ಉಂಡು, ಹನ್ನೆರಡೂವರೆಗೆ ಮಲಗಿದ ಹುಡುಗನನ್ನು ನಾಲ್ಕೂವರೆಗೆ ಎಬ್ಬಿಸಿ ಅದಕ್ಕೆ ಬ್ರಾಹ್ಮೀ ಮುಹೂರ್ತವೆಂಬ ಹೆಸರು ಕೊಡುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ. ಜಾಗರಣೆಯಾದ ಪಕ್ಷದಲ್ಲಿ ಕೆಟ್ಟ ನಿದ್ರೆಯ ಅರ್ಧದಷ್ಟು ಕಾಲ ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಬೇಕೆಂದೂ ಅದೇ ವಾಗ್ಭಟರು ಹೇಳಿದ್ದಾರೆ. ಆ ಮಾತನ್ನು ಮಾತ್ರ ಯಾರೂ ನನಗೆ ನೆನಪಿಸಿದ್ದಿಲ್ಲ!

ಇನ್ನೊಂದು ಸಂಗತಿಯಿದೆ. ಹದಿಹರೆಯದಲ್ಲಿ ಶರೀರದ ಒಳಗಡಿಯಾರವು ಒಂದೆರಡು ಗಂಟೆ ಹಿಂದೆ ಸರಿಯುತ್ತದೆ. ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ಸ್ರಾವ ದೊಡ್ಡವರಿಗಿಂತ ತಡವಾಗಿ ಹೊರಬರುತ್ತದೆ. ಒಂಬತ್ತಕ್ಕೇ ಮಲಗೆಂದರೆ ಮಗುವಿಗೆ ನಿದ್ರೆ ಬಾರದಿರುವುದೂ ಬೆಳಿಗ್ಗೆ ಏಳಲಾರದಿರುವುದೂ ಸೋಮಾರಿತನವಲ್ಲ, ವಯೋಧರ್ಮ. ಮನೆಯ ಹಿರಿಯರು ಐದಕ್ಕೆ ಸಹಜವಾಗಿ ಏಳುತ್ತಾರೆಂದು ಮೊಮ್ಮಗನೂ ಹಾಗೆಯೇ ಏಳಬೇಕೆಂದು ಬಯಸುವುದು ತರವಲ್ಲ.

ಹಾಗಾದರೆ ಇಷ್ಟೊಂದು ಓದನ್ನು ಎಲ್ಲಿ ಹೊಂದಿಸುವುದು? ಪ್ರಶ್ನೆ ನ್ಯಾಯವಾದುದೇ. ಹೊರೆಯ ಸ್ವರೂಪವನ್ನು ಮೊದಲು ತಿಳಿಯೋಣ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಆಯ್ದುಕೊಂಡ ವಿದ್ಯಾರ್ಥಿಗೆ ಎರಡು ಭಾಷೆಗಳೂ ಇರುತ್ತವೆ. ಪಿಯುಸಿ ವಾರ್ಷಿಕ ಪರೀಕ್ಷೆಯಲ್ಲಿ ಮೂರು ಗಂಟೆ ಕುಳಿತು ಬಹುಪಾಲು ವಿವರವಾಗಿ ಬರೆಯಬೇಕು. ನೀಟ್ ಪರೀಕ್ಷೆಯಲ್ಲಿ ಈಗ 180 ನಿಮಿಷಗಳಲ್ಲಿ 180 ಪ್ರಶ್ನೆಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ; ತಪ್ಪಿಗೆ ಕಡಿತವಿಲ್ಲ. ಜೆಇಇಯ ಲೆಕ್ಕಗಳ ಬಗೆಯೇ ಬೇರೆ. ಪಠ್ಯ ಬಹುತೇಕ ಒಂದೇ ಆದರೂ ಅಭ್ಯಾಸದ ರೀತಿ ನಾಲ್ಕು ತೆರನಾದುದು. ನಾಲ್ಕಕ್ಕೂ ಒಂದೇ ಶ್ರದ್ಧೆಯಿಂದ ಸಿದ್ಧತೆ ನಡೆಸುತ್ತೇನೆಂದು ಹೊರಟ ಮಗು ಎಲ್ಲಿಂದಲಾದರೂ ಸಮಯವನ್ನು ಕದಿಯಲೇಬೇಕು. ಕಾಲೇಜು, ತರಬೇತಿ, ಬಸ್ಸಿನ ವೇಳೆ ಇವು ಯಾವುವೂ ಅದರ ಕೈಯಲ್ಲಿಲ್ಲ. ಕೈಯಲ್ಲಿರುವುದು ನಿದ್ರೆಯೊಂದೇ.

ಒಬ್ಬ ತಂದೆ ತಮ್ಮ ಮಗಳ ವೇಳಾಪಟ್ಟಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಂದಿದ್ದರು. ವಸತಿ ಸಹಿತ ತರಬೇತಿ ಕಾಲೇಜೊಂದರದು. ಬೆಳಿಗ್ಗೆ ಐದಕ್ಕೆ ಅಧ್ಯಯನ, ಎಂಟಕ್ಕೆ ತರಗತಿ, ಸಂಜೆ ಸಂದೇಹ ಪರಿಹಾರ, ರಾತ್ರಿ ಹತ್ತೂವರೆಯವರೆಗೆ ಮೇಲ್ವಿಚಾರಣೆಯಲ್ಲಿ ಓದು, ಭಾನುವಾರ ಪರೀಕ್ಷೆ. ನಾವಿಬ್ಬರೂ ಕುಳಿತು ಕೂಡಿದೆವು. ಓದಿಗೆ ಹದಿನಾಲ್ಕು ಗಂಟೆ ಬಂತು. ನಾಲ್ಕು ತಿಂಗಳಿಂದ ಆ ಹುಡುಗಿಗೆ ಮುಟ್ಟು ನಿಂತಿತ್ತು. ತೂಕ ಆರು ಕಿಲೋ ಇಳಿದಿತ್ತು. ಕಾಲೇಜನ್ನು ಬಿಡಿಸಬೇಕಾಗಿ ಬರಲಿಲ್ಲ. ತಂದೆಯವರು ಹೋಗಿ ಮಾತನಾಡಿ, ಬೆಳಗಿನ ಅಧ್ಯಯನಕ್ಕೆ ಆಕೆ ಆರೂವರೆಗೆ ಬಂದರೆ ಸಾಕೆಂಬ ಅನುಮತಿ ಪಡೆದರು. ಕೇಳಿದರೆ ಸಿಗುವ ಅನುಮತಿಯನ್ನು ಎಷ್ಟೋ ಪಾಲಕರು ಕೇಳುವುದೇ ಇಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ತರಬೇತಿ ಕೇಂದ್ರಗಳಿಗಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿದೆ. ತರಬೇತಿ ತರಗತಿಗಳು ದಿನಕ್ಕೆ 5 ಗಂಟೆ ಮೀರಬಾರದು, ತೀರ ನಸುಕಿನಲ್ಲಾಗಲಿ ತಡರಾತ್ರಿಯಲ್ಲಾಗಲಿ ನಡೆಯಬಾರದು, ವಾರಕ್ಕೊಂದು ರಜೆ ಇರಬೇಕು, ರಜೆಯ ಮರುದಿನ ಪರೀಕ್ಷೆ ಇಡಬಾರದು ಎಂದು ಅದರಲ್ಲಿದೆ. ಪಾಲಿಸುವವರೆಷ್ಟು ಎಂಬುದು ಬೇರೆ ಮಾತು. ಆದರೆ ದಾಖಲಾತಿಗೆ ಮುನ್ನ ಶುಲ್ಕವನ್ನೂ ಕಳೆದ ವರ್ಷದ ರ‍್ಯಾಂಕುಗಳನ್ನೂ ವಿಚಾರಿಸುವ ಪಾಲಕರು, ದೀಪ ಆರಿಸುವ ವೇಳೆ ಯಾವುದು, ವಾರದ ರಜೆ ಯಾವ ದಿನ ಎಂಬ ಎರಡು ಪ್ರಶ್ನೆಗಳನ್ನೂ ಕೇಳಬಹುದು.

ನನ್ನ ಸ್ಪಷ್ಟ ಅಭಿಪ್ರಾಯವಿಷ್ಟು: ನಿದ್ರೆಯನ್ನು ಕಡಿಮೆ ಮಾಡಿ ಹೊರೆಯನ್ನು ಹೊಂದಿಸುವ ಬದಲು, ಮೊದಲು ನಿದ್ರೆಯನ್ನು ತೆಗೆದಿರಿಸಿ ಉಳಿದ ವೇಳೆಗೆ ಹೊರೆಯನ್ನು ಕಡಿಮೆ ಮಾಡಬೇಕು. ಪ್ರಥಮ ಪಿಯುಸಿಯ ದಸರಾ ರಜೆಯೊಳಗೆ ಮನೆಯವರೆಲ್ಲ ಮಗುವಿನೊಡನೆ ಕುಳಿತು, ಮುಖ್ಯ ಪರೀಕ್ಷೆ ಯಾವುದೆಂದು ನಿರ್ಧರಿಸಬೇಕು. ನೀಟ್ ಎಂದಾದರೆ ಜೆಇಇ ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಡಿ. ಗಣಿತವನ್ನು ವಾರ್ಷಿಕ ಪರೀಕ್ಷೆಗೆ ಎಷ್ಟು ಬೇಕೋ ಅಷ್ಟೇ ಓದಲಿ. ಎಂಜಿನಿಯರಿಂಗ್ ಎಂದಾದರೆ ಜೀವಶಾಸ್ತ್ರದ ಹೆಚ್ಚುವರಿ ತರಬೇತಿ ಬೇಡ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿನಲ್ಲಿ ದ್ವಿತೀಯ ಪಿಯುಸಿಯ ಅಂಕಗಳಿಗೂ ಅರ್ಧ ಪಾಲಿರುವುದರಿಂದ ಕಾಲೇಜಿನ ಪಾಠವನ್ನು ಅಲಕ್ಷಿಸುವುದು ಜಾಣತನವಲ್ಲ. ಬಿಎಎಂಎಸ್ ಪ್ರವೇಶಕ್ಕೂ ಈಗ ನೀಟ್ ಅಗತ್ಯ. ಆದರೆ ಕೃಷಿ ವಿಜ್ಞಾನ, ಪಶುವೈದ್ಯಕೀಯ, ಫಾರ್ಮಸಿ, ಪ್ರಕೃತಿ ಚಿಕಿತ್ಸಾ ಪದವಿಗಳ ಬಾಗಿಲು ಸಿಇಟಿಯಿಂದಲೇ ತೆರೆಯುತ್ತದೆ. ಈ ಮಾತನ್ನು ಮಗುವಿಗೆ ಮೊದಲೇ ತಿಳಿಸಿಟ್ಟರೆ ಅದರ ಎದೆಯ ಮೇಲಿನ ಕಲ್ಲು ಸ್ವಲ್ಪ ಹಗುರವಾಗುತ್ತದೆ. ಅಣ್ಣನ ಮಗ ಡಾಕ್ಟರಾದನೆಂಬ ಕಾರಣಕ್ಕೆ ತಮ್ಮನ ಮಗಳು ನೀಟ್ ಬರೆಯುವುದನ್ನೂ ನಾನು ಕಂಡಿದ್ದೇನೆ. ಅಂತಹ ಹೊರೆಗೆ ಔಷಧವಿಲ್ಲ.

ಇನ್ನು ದಿನಚರಿ. ರಾತ್ರಿ ಹತ್ತೂಕಾಲಕ್ಕೆ ಮಲಗಿ ಆರಕ್ಕೆ ಎದ್ದರೆ ಏಳೂಮುಕ್ಕಾಲು ಗಂಟೆ ಆಯಿತು. ಮಧ್ಯಾಹ್ನ ಇಪ್ಪತ್ತೈದು ನಿಮಿಷ ಕಣ್ಣು ಮುಚ್ಚಿದರೆ ಎಂಟು ಗಂಟೆ ತುಂಬಿತು. ಹಗಲು ನಿದ್ರೆಯನ್ನು ಆಯುರ್ವೇದವು ಗ್ರೀಷ್ಮ ಋತುವಿನಲ್ಲಿ ಬಿಟ್ಟು ಉಳಿದಂತೆ ಒಪ್ಪುವುದಿಲ್ಲವೆಂಬುದು ಓದುಗರಿಗೆ ತಿಳಿದಿರಬಹುದು. ಆದರೆ ಚರಕಾಚಾರ್ಯರು ಕೆಲವರಿಗೆ ಎಲ್ಲ ಋತುಗಳಲ್ಲಿಯೂ ಹಗಲು ನಿದ್ರೆಗೆ ಅನುಮತಿ ಕೊಟ್ಟಿದ್ದಾರೆ. ಆ ಪಟ್ಟಿಯಲ್ಲಿ ವೃದ್ಧರು, ಬಾಲಕರು, ದಾರಿ ನಡೆದು ದಣಿದವರು, ಭಾರ ಹೊತ್ತು ಬಳಲಿದವರು ಇದ್ದಾರೆ. ಅವರ ಜೊತೆಯಲ್ಲಿಯೇ ಅಧ್ಯಯನದಿಂದ ಕೃಶರಾದವರೂ ಇದ್ದಾರೆ. ಓದುವವನನ್ನೂ ಮೂಟೆ ಹೊರುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ ಆ ಆಚಾರ್ಯರ ಕರುಣೆ ದೊಡ್ಡದು. ಆದ್ದರಿಂದ ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟ ಮಗುವನ್ನು ಗದರಿಸಬೇಡಿ. ಅರ್ಧ ಗಂಟೆ ಮೀರದಿರಲಿ, ಅಷ್ಟೇ. ಮೀರಿದರೆ ತಲೆ ಭಾರವಾಗಿ ರಾತ್ರಿಯ ನಿದ್ರೆಯೂ ಕೆಡುತ್ತದೆ.

ಹಗಲಿನಲ್ಲಿ ಮೂತ್ರ, ಮಲ, ಹಸಿವೆ, ಬಾಯಾರಿಕೆ, ಆಕಳಿಕೆ, ಕಣ್ಣೀರು, ನಿದ್ರೆ ಇತ್ಯಾದಿ ಹದಿಮೂರು ವೇಗಗಳನ್ನು ತಡೆಯಬಾರದೆಂದು ಚರಕಸಂಹಿತೆಯಲ್ಲಿದೆ. ಇಂದಿನ ತರಬೇತಿ ತರಗತಿಯಲ್ಲಿ ಕುಳಿತ ಮಗು ಇವುಗಳಲ್ಲಿ ಅರ್ಧವನ್ನಾದರೂ ನಿತ್ಯ ತಡೆಯುತ್ತದೆ. ಶೌಚಾಲಯ ಶುಚಿಯಿಲ್ಲವೆಂದು ನೀರನ್ನೇ ಕುಡಿಯದ ಹೆಣ್ಣುಮಕ್ಕಳು ಸಂಜೆಗೆ ತಲೆನೋವು, ಉರಿಮೂತ್ರವೆಂದು ಬರುತ್ತಾರೆ. ಬೆಳಿಗ್ಗೆ ಮಲವಿಸರ್ಜನೆಗೆ ಹತ್ತು ನಿಮಿಷ ಸಿಗದ ಹುಡುಗನಿಗೆ ವರ್ಷ ತುಂಬುವಷ್ಟರಲ್ಲಿ ಮೂಲವ್ಯಾಧಿಯ ಲಕ್ಷಣ ಕಾಣಿಸುತ್ತದೆ. ಇದಕ್ಕೆ ತ್ರಿಫಲಾ ಚೂರ್ಣ ಬರೆದುಕೊಡಬಹುದು. ಹತ್ತು ನಿಮಿಷ ಮುಂಚೆ ಏಳುವುದಕ್ಕೆ, ಅಂದರೆ ಹತ್ತು ನಿಮಿಷ ಮುಂಚೆ ಮಲಗುವುದಕ್ಕೆ, ಅದು ಬದಲಿಯಲ್ಲ.

ಆಹಾರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನಮ್ಮ ಮನೆಯ ಊಟವೇ ಸಾಕು. ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಸೊಪ್ಪು, ಶೇಂಗಾ ಅಥವಾ ಗುರೆಳ್ಳಿನ ಹಿಂಡಿ, ಮಜ್ಜಿಗೆ ಇದ್ದ ಬುತ್ತಿಗೆ ಸಮನಾದ ಟಾನಿಕ್ ಅಂಗಡಿಯಲ್ಲಿಲ್ಲ. ರಾತ್ರಿಯ ಊಟ ಎಂಟರೊಳಗೆ ಮುಗಿದು ಹಗುರವಾಗಿರಲಿ. ಒಂದು ಪರೀಕ್ಷೆಯನ್ನು ಮಾತ್ರ ಕಡ್ಡಾಯವಾಗಿ ಮಾಡಿಸಿ: ರಕ್ತದ ಹಿಮೋಗ್ಲೋಬಿನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ (2019–21) ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಓದಲು ಕುಳಿತೊಡನೆ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಗಮನ ಚದುರುವಿಕೆ ಇವೆಲ್ಲ ಆಲಸ್ಯವೆಂದು ಬೈಸಿಕೊಳ್ಳುವ ರಕ್ತಹೀನತೆಯ ಲಕ್ಷಣಗಳಾಗಿರಬಹುದು. ಹೆಣ್ಣುಮಕ್ಕಳಲ್ಲಿ 12 ಗ್ರಾಮಿಗಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಲೋಹಾಸವವನ್ನೋ ಸರಕಾರಿ ಆಸ್ಪತ್ರೆಯ ಕಬ್ಬಿಣಾಂಶದ ಮಾತ್ರೆಯನ್ನೋ ಸೇವಿಸಲಿ. ಎರಡೂ ಪದ್ಧತಿಗಳು ಒಂದೇ ಲೋಹವನ್ನು ಕೊಡುತ್ತವೆ, ಜಗಳ ಬೇಡ. ಊಟದ ಜೊತೆಗೆ ನಿಂಬೆಹಣ್ಣು ಇರಲಿ. ಊಟದ ಹಿಂದೆ ಮುಂದೆ ಒಂದು ಗಂಟೆ ಚಹಾ ಬೇಡ. ಸಸ್ಯಾಹಾರಿಗಳಾದ ನಮ್ಮಲ್ಲಿ ಬಿ12 ಜೀವಸತ್ವದ ಕೊರತೆಯೂ ಸಾಮಾನ್ಯ. ಹಾಲು, ಮೊಸರು ಬಿಟ್ಟ ಮಕ್ಕಳಲ್ಲಿ ಅದನ್ನೂ ನೋಡಿಸಬೇಕು.

ಚಹಾದ ಮಾತು ಬಂದುದರಿಂದ ಇನ್ನೊಂದು ಲೆಕ್ಕ. ಚಹಾ-ಕಾಫಿಗಳ ಕೆಫೀನ್ ಅರ್ಧದಷ್ಟು ಶರೀರದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಫ್ಲಾಸ್ಕಿನಿಂದ ಕುಡಿದ ಕಾಫಿಯ ಅರ್ಧ, ಎರಡು ಗಂಟೆಗೂ ರಕ್ತದಲ್ಲಿರುತ್ತದೆ. ಓದು ಮುಗಿಸಿ ಮಲಗಿದರೂ ನಿದ್ರೆ ಗಾಢವಾಗುವುದಿಲ್ಲ. ಸಂಜೆ ನಾಲ್ಕರ ನಂತರ ಬೇಡ. ಡಬ್ಬಿಗಳಲ್ಲಿ ಬರುವ ಶಕ್ತಿಪೇಯಗಳು ಯಾವಾಗಲೂ ಬೇಡ. ಪಾಠದ ವಿಡಿಯೋ ನೋಡುವುದಿದ್ದರೆ ಸಂಜೆಯೇ ನೋಡಲಿ. ಹತ್ತು ಗಂಟೆಗೆ ಮೊಬೈಲು ಪಡಸಾಲೆಗೆ ಬರಲಿ. ಅಪ್ಪನ ಮೊಬೈಲೂ ಅದರ ಪಕ್ಕದಲ್ಲಿ ಕುಳಿತರೆ ನಿಯಮ ಉಳಿಯುತ್ತದೆ.

ಈಗ ಎಲ್ಲರೂ ಕಾಯುತ್ತಿರುವ ಔಷಧಿಯ ವಿಚಾರಕ್ಕೆ ಬರೋಣ. ಮಂಡೂಕಪರ್ಣೀ ಅಂದರೆ ನಮ್ಮ ಒಂದೆಲಗ, ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿ ಈ ನಾಲ್ಕನ್ನು ಚರಕಾಚಾರ್ಯರು ಮೇಧ್ಯ ರಸಾಯನಗಳೆಂದು ಹೇಳಿದ್ದಾರೆ. ನೀರುಬ್ರಾಹ್ಮಿಯ ಮೇಲೆ ಆಧುನಿಕ ಅಧ್ಯಯನಗಳೂ ನಡೆದಿದ್ದು, ನೆನಪಿನ ಕೆಲವು ಅಂಶಗಳಲ್ಲಿ ಸಾಧಾರಣ ಮಟ್ಟದ ಉಪಯೋಗ ಕಂಡಿದೆ. ಆದರೆ ಅವುಗಳಲ್ಲಿ ಅನೇಕವು 12 ವಾರಗಳ ಸೇವನೆಯ ನಂತರ ಪರೀಕ್ಷಿಸಿದಂಥವು. ಮಾರ್ಚ್ ತಿಂಗಳಲ್ಲಿ ಬಾಟಲಿ ಕೊಂಡು ಏಪ್ರಿಲ್‌ನಲ್ಲಿ ರ‍್ಯಾಂಕು ನಿರೀಕ್ಷಿಸುವವರಿಗೆ ಅದು ಫಲ ಕೊಡದು. ರಸಾಯನವೆಂಬುದು ಹದವಾದ ಹೊಲಕ್ಕೆ ಹಾಕುವ ಗೊಬ್ಬರ. ನಿದ್ರೆಯಿಲ್ಲದ ಶರೀರ ಬಿರಿದ ನೆಲ. ಹಿತ್ತಲಿನ ಒಂದೆಲಗದ ತಂಬುಳಿಯನ್ನು ವಾರಕ್ಕೆ ಮೂರು ದಿನ ಧಾರಾಳವಾಗಿ ಉಣ್ಣಲಿ. ಮಾತ್ರೆ, ಅರಿಷ್ಟ, ಘೃತಗಳನ್ನು ವೈದ್ಯರು ನಾಡಿ, ಅಗ್ನಿಬಲ ನೋಡಿಯೇ ಕೊಡಬೇಕು. ಜಾಹೀರಾತು ನೋಡಿ ತರಿಸಿದ, ಒಳಗೇನಿದೆಯೆಂದು ಬರೆಯದ ಪುಡಿಗಳನ್ನು ಮಕ್ಕಳಿಗೆ ಕೊಡಬೇಡಿ.

ನಾನು ನಿಶ್ಚಿಂತೆಯಿಂದ ಎಲ್ಲರಿಗೂ ಹೇಳುವ ಚಿಕಿತ್ಸೆ ಪಾದಾಭ್ಯಂಗವೊಂದೇ. ಮಲಗುವ ಮುನ್ನ ಬೆಚ್ಚಗಿನ ಎಳ್ಳೆಣ್ಣೆಯನ್ನು ಅಂಗಾಲಿಗೆ ಐದು ನಿಮಿಷ ತಿಕ್ಕುವುದು. ತಾಯಿಯೋ ಅಜ್ಜಿಯೋ ತಿಕ್ಕಿದರೆ ಇನ್ನೂ ಒಳ್ಳೆಯದು. ನಿಬಂಧನೆ ಒಂದೇ: ಆ ಐದು ನಿಮಿಷ ಅಂಕಗಳ ಮಾತು ಎತ್ತಬಾರದು. ಒಂದು ಮನೆಯಲ್ಲಿ, ಮಗ ತನಗೆ ಗಣಿತ ತರಗತಿಯಲ್ಲಿ ಏನೂ ತಿಳಿಯುತ್ತಿಲ್ಲವೆಂಬುದನ್ನು ಆರು ತಿಂಗಳ ನಂತರ ಮೊದಲ ಬಾರಿಗೆ ಹೇಳಿದ್ದು ಹೀಗೆ ಕಾಲು ಚಾಚಿ ಕುಳಿತಾಗಲೇ.

ಇಲ್ಲಿಯವರೆಗೆ ಹೇಳಿದ್ದು ದಣಿದ ಮಗುವಿನ ಮಾತು. ಕುಸಿಯುತ್ತಿರುವ ಮಗುವಿನದು ಬೇರೆ. ಎರಡು ವಾರ ಮೀರಿ ನಿದ್ರೆ ಬಾರದಿರುವುದು ಅಥವಾ ಹಗಲಿರುಳು ಮಲಗಿಯೇ ಇರುವುದು, ಊಟ ಬಿಡುವುದು, ಗೆಳೆಯರನ್ನು ತೊರೆಯುವುದು, ಕಾರಣವಿಲ್ಲದೆ ಅಳುವುದು, ಇಷ್ಟದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು, "ನಾನಿಲ್ಲದಿದ್ದರೆ ನಿಮಗೆ ಖರ್ಚು ಉಳಿಯುತ್ತದೆ" ಎಂಬಂತಹ ಮಾತಾಡುವುದು ಕಂಡರೆ ಬ್ರಾಹ್ಮಿ ಎಣ್ಣೆ ಹುಡುಕುತ್ತ ಕೂರಬಾರದು; ಯಂತ್ರ-ತಾಯತಗಳಿಗೂ ಹೋಗಬಾರದು. ಅದೇ ದಿನ ಮನೋವೈದ್ಯರನ್ನು ಕಾಣಬೇಕು. ಟೆಲಿ-ಮಾನಸ್ ಎಂಬ ಸರಕಾರಿ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಮಗುವಿನೊಡನೆ "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ, ಶಾಂತವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಗೆ ಬರಲು ದಾರಿಯಾಗುತ್ತದೆ. ಅಂತಹ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಹಾಸ್ಟೆಲಿನಲ್ಲಿದ್ದರೆ ಹೋಗಿ ಕರೆತನ್ನಿ. ಒಂದು ವರ್ಷ ಹೋದರೆ ಹೋಗಲಿ. ದ್ವಿತೀಯ ಪಿಯುಸಿಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ನೀಟ್ ಅನ್ನು ಮರುವರ್ಷವೂ ಬರೆಯಬಹುದು.

ಕೊನೆಯ ತಿಂಗಳಲ್ಲಿರುವವರಿಗೆ ಒಂದು ಸೂಚನೆ. ನೀಟ್ ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಮಧ್ಯಾಹ್ನ 2ರಿಂದ 5ರವರೆಗೆ ನಡೆಯುತ್ತದೆ. ಬಿಸಿಲು ಏರಿದ, ಉಂಡ ಶರೀರ ಸಹಜವಾಗಿ ತೂಕಡಿಸುವ ಹೊತ್ತು ಅದು. ರಾತ್ರಿಯೆಲ್ಲ ಓದಿ ಮಧ್ಯಾಹ್ನ ಮಲಗುವ ರೂಢಿ ಮಾಡಿಕೊಂಡವರು ಆ ಮೂರು ಗಂಟೆಗಳಲ್ಲಿ ಬಲ್ಲ ಪ್ರಶ್ನೆಯನ್ನೂ ತಪ್ಪಾಗಿ ಓದಿ ಅಂಕ ಕಳೆದುಕೊಳ್ಳುತ್ತಾರೆ. ಆದ್ದರಿಂದ ಪರೀಕ್ಷೆಗೆ ಮೂರು ವಾರ ಇರುವಾಗಲೇ ಮಧ್ಯಾಹ್ನದ ನಿದ್ರೆಯನ್ನು ನಿಲ್ಲಿಸಿ, ರಾತ್ರಿ ಒಂಬತ್ತೂವರೆ-ಹತ್ತಕ್ಕೆ ಮಲಗುವ ಅಭ್ಯಾಸ ಆಗಬೇಕು. ಮಾದರಿ ಪ್ರಶ್ನೆಪತ್ರಿಕೆಗಳನ್ನು ನಿತ್ಯ ಎರಡರಿಂದ ಐದರವರೆಗೇ ಬಿಡಿಸಲಿ. ಪರೀಕ್ಷೆಯ ದಿನ ಹನ್ನೊಂದರ ಸುಮಾರಿಗೆ ಮೊಸರನ್ನವೋ ತೆಳುವಾದ ಅನ್ನ-ಸಾರೋ ಅರ್ಧ ಹೊಟ್ಟೆ ಉಂಡು ಹೊರಡಲಿ. ಎಣ್ಣೆಯಲ್ಲಿ ಕರಿದದ್ದು, ಸಿಹಿ ಬೇಡ. ಪರೀಕ್ಷಾ ಕೇಂದ್ರದೊಳಗೆ ಒಂದೂವರೆಗೆ ಮುನ್ನವೇ ಸೇರಬೇಕಾಗುವುದರಿಂದ, ಹೋಗುವಾಗ ದಾರಿಯಲ್ಲಿ ನೀರು, ನಿಂಬೆ ಪಾನಕ ಕುಡಿಸಿ, ಗೇಟಿನ ಬಳಿ ಮೂತ್ರವಿಸರ್ಜನೆ ಮುಗಿಸಿಕೊಳ್ಳಲು ಹೇಳಿ, ನೆರಳಿನಲ್ಲಿ ಕುಳ್ಳಿರಿಸಿ. ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ.